ಒಂದೇ ಬಣ್ಣ ಉಳಿಸಿ ಮಿಕ್ಕಿದ್ದೆಲ್ಲ ಕಪ್ಪು-ಬಿಳುಪು: ಸೆಲೆಕ್ಟಿವ್ ಕಲರ್ ನೀಟಾಗಿ ಮಾಡೋದು ಹೇಗೆ

ಇಡೀ ಫೋಟೊ ಕಪ್ಪು-ಬಿಳುಪು, ಅದರ ನಡುವೆ ಒಂದು ಕೆಂಪು ಕೊಡೆ ಮಾತ್ರ ಬಣ್ಣದಲ್ಲಿ. ಈ ಥರದ ಫೋಟೊ ನೀವೆಲ್ಲ ನೋಡೇ ಇರ್ತೀರಿ, ಇದಕ್ಕೆ ಸೆಲೆಕ್ಟಿವ್ ಕಲರ್ ಅಂತಾರೆ, ಕೆಲವು ಆಪ್‌ಗಳಲ್ಲಿ ಕಲರ್ ಸ್ಪ್ಲಾಶ್, ಕಲರ್ ಪಾಪ್ ಅಂತಲೂ ಹೆಸರಿರತ್ತೆ. ಈಗ ಫೋನಲ್ಲೇ ಒಂದು ಬಟನ್ ಒತ್ತಿದ್ರೆ ಆಗ್ಬಿಡತ್ತೆ, ಆದ್ರೆ ಹಾಗೆ ಮಾಡಿದ್ದು ಎಷ್ಟೋ ಸಲ ಬೇರೆ ಕಡೆಯಿಂದ ಕತ್ತರಿಸಿ ತಂದು ಅಂಟಿಸಿದ ಹಾಗೆ ಕಾಣತ್ತೆ. ಯಾಕಂದ್ರೆ ಎಲ್ರೂ ಉಳಿಸ್ಕೊಳ್ಳೋ ಬಣ್ಣದ ಬಗ್ಗೆ ಮಾತ್ರ ಯೋಚಿಸ್ತಾರೆ, ಬಣ್ಣ ಕಳ್ಕೊಳ್ಳೋ ಭಾಗದ ಕಡೆ ಗಮನಾನೇ ಕೊಡಲ್ಲ. ನನ್ನ ಪ್ರಕಾರ ಈ ಎಫೆಕ್ಟಿನ ನಿಜವಾದ ಕೆಲಸ ಇರೋದೇ ಆ ಬೂದು ಭಾಗದಲ್ಲಿ, ಮತ್ತೆ ಬೂದು-ಬಣ್ಣ ಎರಡೂ ಸೇರೋ ಅಂಚಿನಲ್ಲಿ. ಅದಕ್ಕೆ ಈ ಲೇಖನದಲ್ಲಿ ಅದೇ ಜಾಸ್ತಿ ಇರತ್ತೆ.

ಉದಾಹರಣೆಗೆ ಆ ಕೆಂಪು ಕೊಡೆ ಫೋಟೊನೇ ಇಟ್ಕೊಳ್ಳೋಣ: ಮಳೆ ನಿಂತ ರಸ್ತೆ, ಹಿಂದೆ ಕಲ್ಲಿನ ಗೋಡೆ, ಕೊಡೆ ಹಿಡ್ಕೊಂಡು ನಿಂತಿರೋ ಒಬ್ಬ ಹುಡುಗಿ.

ಮೊದಲು ಫೋಟೊ ಆರಿಸೋದು

ಬಣ್ಣ ಪೂರ್ತಿ ತೆಗೆದ್ರೂ ಈ ಫೋಟೊ ಚೆನ್ನಾಗಿರತ್ತಾ ಅಂತ ಮೊದಲು ನೋಡ್ಕೊಳ್ಳಿ. ಫೋನಿನ ಗ್ಯಾಲರಿಯಲ್ಲೇ ಒಂದು ಬ್ಲ್ಯಾಕ್ ಅಂಡ್ ವೈಟ್ ಫಿಲ್ಟರ್ ಹಾಕಿದ್ರೆ ಗೊತ್ತಾಗ್ಬಿಡತ್ತೆ. ಬೆಳಕು ನೆರಳು ಇಲ್ದೆ ಎಲ್ಲಾ ಒಂದೇ ಥರ ಮಂಕಾಗಿ ಕಂಡ್ರೆ, ಅದರ ಮೇಲೆ ಎಷ್ಟು ಚೆಂದದ ಬಣ್ಣ ಇಟ್ರೂ ಎದ್ದು ಬರಲ್ಲ. ಮಳೆ ನಿಂತ ರಸ್ತೆ, ಮಂಜು, ಹಳೇ ಗೋಡೆ, ನೆರಳು ಗಾಢವಾಗಿರೋ ಜಾಗ, ಇಂಥವೆಲ್ಲ ಕಪ್ಪು-ಬಿಳುಪಲ್ಲಿ ಚೆನ್ನಾಗಿ ಬರತ್ತೆ.

ಆಮೇಲೆ ಬಣ್ಣ ಉಳಿಸ್ಬೇಕಾದ ವಸ್ತು ಒಂದೇ ಇರ್ಬೇಕು, ಅದರ ಆಕಾರ ಸ್ಪಷ್ಟವಾಗಿರ್ಬೇಕು, ಮತ್ತೆ ಅದೇ ಬಣ್ಣ ಫೋಟೊದ ಬೇರೆ ಕಡೆ ಆದಷ್ಟು ಕಡಿಮೆ ಇರ್ಬೇಕು. ಕೊಡೆ, ಹೂವು, ಬಾಗಿಲು, ಬಲೂನು, ಸೈಕಲ್ಲು ಇವೆಲ್ಲ ಸುಲಭ. ಹೂವಿನ ರಾಶಿ ಮಧ್ಯೆ ಒಂದು ಹೂವು, ಜಾತ್ರೆ ಗುಂಪಲ್ಲಿ ಒಬ್ರ ಬಟ್ಟೆ, ಇವು ಮೊದಲ ಸಲಕ್ಕೆ ಬೇಡ. ಇನ್ನೊಂದು ಮಾತು, ಕಣ್ಣಿನ ಪಾಪೆಗೆ ಮಾತ್ರ ಬಣ್ಣ ಉಳಿಸೋದು ತುಂಬಾ ಜನ ಮಾಡ್ತಾರೆ, ಆದ್ರೆ ನನಗೆ ಅದು ಮನುಷ್ಯರ ಮುಖದಲ್ಲಿ ಹಿಡಿಸಲ್ಲ, ನೋಡೋರಿಗೆ ಮುಖದ ಭಾವನೆ ಕಾಣೋ ಬದಲು ಎರಡು ಚುಕ್ಕೆ ಕಾಣತ್ತೆ.

ಒರಿಜಿನಲ್ ಫೈಲ್ ಇದ್ರೆ ಅದನ್ನೇ ತಗೊಳ್ಳಿ, ವಾಟ್ಸಾಪಲ್ಲಿ ಬಂದಿದ್ದು ಬೇಡ. ಇದಕ್ಕೆ ಕಾರಣ ಇದೆ. ಜೆಪೆಗ್ (ಫೋನು, ಕ್ಯಾಮೆರಾಗಳ ಮಾಮೂಲಿ ಫೋಟೊ ಫೈಲ್) ಫೈಲಲ್ಲಿ ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಇರತ್ತೆ, ಆದ್ರೆ ಬಣ್ಣದ ವಿವರ ಸಾಮಾನ್ಯವಾಗಿ ಅಕ್ಕಪಕ್ಕದ 4 ಪಿಕ್ಸೆಲ್‌ಗೆ ಸೇರಿ ಒಂದೇ ಇಟ್ಟಿರ್ತಾರೆ, ಫೈಲ್ ಚಿಕ್ಕದಾಗ್ಲಿ ಅಂತ. ಬಣ್ಣದ ಫೋಟೊದಲ್ಲಿ ಇದು ಗೊತ್ತಾಗಲ್ಲ, ಆದ್ರೆ ಕೊಡೆ ಅಂಚಿನ ಪಕ್ಕ ಎಲ್ಲಾ ಬೂದಾದಾಗ ಆ ಕೆಂಪು ಒಂದೆರಡು ಪಿಕ್ಸೆಲ್ ಆಚೆಗೆ ಸೋರಿರೋದು ಎದ್ದು ಕಾಣತ್ತೆ. ಒಂದು ಸಲ ಕಂಪ್ರೆಸ್ ಆಗಿ ಕಳಿಸಿದ ಫೋಟೊದಲ್ಲಿ ಇದು ಇನ್ನೂ ಜಾಸ್ತಿ.

ಕೆಲವು ಕ್ಯಾಮೆರಾಗಳಲ್ಲೇ ಒಂದು ಬಣ್ಣ ಮಾತ್ರ ಉಳಿಸಿ ಫೋಟೊ ತೆಗೆಯೋ ಮೋಡ್ ಇರತ್ತೆ. ದಯವಿಟ್ಟು ಅದನ್ನ ಹಾಕ್ಕೊಂಡು ಜೆಪೆಗ್ ಮಾತ್ರ ತೆಗೀಬೇಡಿ, ಹೋದ ಬಣ್ಣ ಮತ್ತೆ ಬರಲ್ಲ. ಬಣ್ಣದಲ್ಲೇ ತೆಗೆದು ಆಮೇಲೆ ಮಾಡೋದು ಯಾವಾಗ್ಲೂ ಒಳ್ಳೇದು.

ಫೋಟೊಶಾಪಲ್ಲಿ (ಫೋಟೊಪಿಯಾದಲ್ಲೂ ಹೆಚ್ಚುಕಮ್ಮಿ ಹೀಗೇ)

ಫೋಟೊಶಾಪ್ ಇಲ್ದೆ ಇರೋರು ಫೋಟೊಪಿಯಾ ಬಳಸ್ಬಹುದು, ಬ್ರೌಸರಲ್ಲೇ ಓಪನ್ ಆಗತ್ತೆ, ದುಡ್ಡು ಕೊಡ್ಬೇಕಿಲ್ಲ, ಮೆನುಗಳು ಬಹುತೇಕ ಒಂದೇ ಥರ.

ಫೋಟೊ ಓಪನ್ ಮಾಡಿ, ಲೇಯರ್ (ಅಂದ್ರೆ ಫೋಟೊ ಮೇಲೆ ಹೊದಿಸೋ ಪದರ) ಮೆನುಗೆ ಹೋಗಿ ನ್ಯೂ ಅಡ್ಜಸ್ಟ್‌ಮೆಂಟ್ ಲೇಯರ್ ಅಲ್ಲಿ ಬ್ಲ್ಯಾಕ್ ಅಂಡ್ ವೈಟ್ ಆರಿಸಿ. ಫೋಟೊ ಪೂರ್ತಿ ಕಪ್ಪು-ಬಿಳುಪಾಗತ್ತೆ, ಆದ್ರೆ ಕೆಳಗಿನ ಲೇಯರಲ್ಲಿ ಬಣ್ಣ ಹಾಗೇ ಭದ್ರವಾಗಿರತ್ತೆ. ಇಲ್ಲಿ ಎರಡು ಎಚ್ಚರಿಕೆ. ಇಮೇಜ್ ಮೆನುವಿನ ಮೋಡ್ ಅಲ್ಲಿ ಗ್ರೇಸ್ಕೇಲ್ ಅಂತ ಇರತ್ತಲ್ಲ, ಅದನ್ನ ಮುಟ್ಬೇಡಿ, ಅದು ಫೈಲಿಂದಲೇ ಬಣ್ಣ ತೆಗೆದುಹಾಕತ್ತೆ, ಆಮೇಲೆ ಎಷ್ಟು ಬ್ರಶ್ ಉಜ್ಜಿದ್ರೂ ಕೆಂಪು ವಾಪಸ್ ಬರಲ್ಲ. ಎರಡನೇದು, ಅಡ್ಜಸ್ಟ್‌ಮೆಂಟ್ ಪಟ್ಟಿಯಲ್ಲಿ ಸೆಲೆಕ್ಟಿವ್ ಕಲರ್ ಅನ್ನೋ ಹೆಸರಿನದ್ದೇ ಒಂದು ಟೂಲ್ ಕಾಣತ್ತೆ, ಅದು ಬಣ್ಣಗಳ ಛಾಯೆ ತಿದ್ದೋದಕ್ಕೆ ಇರೋದು, ನಮ್ಮ ಈ ಕೆಲಸಕ್ಕೆ ಅದು ಬೇಡ.

ಹೊಸ ಲೇಯರ್ ಪಕ್ಕದಲ್ಲಿ ಒಂದು ಬಿಳಿ ಚೌಕ ಇರತ್ತೆ, ಅದೇ ಮಾಸ್ಕ್. ಅದರ ಮೇಲೆ ಕ್ಲಿಕ್ ಮಾಡಿ. ಮಾಸ್ಕಲ್ಲಿ ಬಿಳಿ ಇದ್ದ ಕಡೆ ಕಪ್ಪು-ಬಿಳುಪು ಎಫೆಕ್ಟ್ ಕೆಲಸ ಮಾಡತ್ತೆ, ಕಪ್ಪು ಬಳಿದ ಕಡೆ ಎಫೆಕ್ಟ್ ಮರೆಯಾಗಿ ಕೆಳಗಿನ ಬಣ್ಣ ಕಾಣತ್ತೆ, ಬೂದು ಬಳಿದ್ರೆ ಅರೆಬರೆ ಬಣ್ಣ. ಈ ಅರೆಬರೆ ಅನ್ನೋದು ನೆನಪಿಟ್ಕೊಳ್ಳಿ, ಮುಂದೆ ತುಂಬಾ ಉಪಯೋಗಕ್ಕೆ ಬರತ್ತೆ.

ಈಗ ಬಿ ಕೀ ಒತ್ತಿದ್ರೆ ಬ್ರಶ್ ಬರತ್ತೆ, ಡಿ ಒತ್ತಿದ್ರೆ ಬಣ್ಣಗಳು ಕಪ್ಪು-ಬಿಳಿಗೆ ಬರತ್ತೆ, ಎಕ್ಸ್ ಒತ್ತಿದ್ರೆ ಕಪ್ಪು ಬಿಳಿ ಅದಲುಬದಲಾಗತ್ತೆ. ಕಪ್ಪು ಮುಂದೆ ಇಟ್ಕೊಂಡು ಕೊಡೆ ಮೇಲೆ ಬಳೀತಾ ಹೋಗಿ, ಕೆಂಪು ಎದ್ದು ಬರತ್ತೆ. ಅಂಚು ದಾಟಿ ಗೋಡೆ ಮೇಲೆ ಹೋದ್ರೆ ಗಾಬರಿ ಬೇಡ, ಎಕ್ಸ್ ಒತ್ತಿ ಬಿಳಿ ಬಳೀರಿ, ಸರಿಹೋಗತ್ತೆ. ಇರೇಸರ್ ಹಿಡ್ಕೊಂಡು ಮೇಲಿನ ಲೇಯರ್ ಅಳಿಸೋ ಹಳೇ ವಿಧಾನ ಇನ್ನೂ ಕೆಲವರು ಹೇಳಿಕೊಡ್ತಾರೆ, ಅದರಲ್ಲಿ ಅಳಿಸಿದ್ದು ಹೋಯ್ತು ಅಷ್ಟೇ, ನಾಳೆ ಬಂದು ತಿದ್ದೋಕಾಗಲ್ಲ. ಮಾಸ್ಕ್ ಆದ್ರೆ ಒಂದು ವರ್ಷ ಬಿಟ್ಟು ಫೈಲ್ ಓಪನ್ ಮಾಡಿದ್ರೂ ತಿದ್ಬಹುದು.

ಕೈಯಲ್ಲಿ ಪೂರ್ತಿ ಬಳಿಯೋಕೆ ಬೇಜಾರು ಅನ್ನೋರು ಮೊದಲು ಸೆಲೆಕ್ಷನ್ ಮಾಡ್ಕೋಬಹುದು, ಆಬ್ಜೆಕ್ಟ್ ಸೆಲೆಕ್ಷನ್ ಟೂಲ್ ತಗೊಂಡು ಕೊಡೆ ಸುತ್ತ ಒಂದು ಚೌಕ ಎಳೆದ್ರೆ ಅದೇ ಹಿಡ್ಕೊಳ್ಳತ್ತೆ, ಇಲ್ಲಾಂದ್ರೆ ಸೆಲೆಕ್ಟ್ ಮೆನುವಿನ ಕಲರ್ ರೇಂಜ್ ಇದೆ, ಕೆಂಪಿನ ಮೇಲೆ ಕ್ಲಿಕ್ ಮಾಡಿ ಫಜ಼ಿನೆಸ್ ಸ್ಲೈಡರ್ ಎಳೀತಾ ಹೋದ್ರೆ ಅದೇ ಬಣ್ಣ ಇರೋ ಜಾಗವೆಲ್ಲ ಸೆಲೆಕ್ಟ್ ಆಗತ್ತೆ. ಸೆಲೆಕ್ಷನ್ ಇದ್ದಾಗಲೇ ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಹಾಕಿದ್ರೆ ಉಲ್ಟಾ ಆಗತ್ತೆ, ಕೊಡೆ ಬೂದು, ಮಿಕ್ಕಿದ್ದೆಲ್ಲ ಬಣ್ಣ. ಅವಾಗ ಮಾಸ್ಕ್ ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ಐ ಒಟ್ಟಿಗೆ ಒತ್ತಿ, ಮಾಸ್ಕ್ ತಿರುಗತ್ತೆ. ಮ್ಯಾಕ್ ಆದ್ರೆ ಕಂಟ್ರೋಲ್ ಬದಲು ಕಮಾಂಡ್.

ಅಂಚು

ಫೋಟೊನ 100 ಅಥವಾ 200 ಪರ್ಸೆಂಟಿಗೆ ಜ಼ೂಮ್ ಮಾಡ್ಕೊಂಡು ಕೊಡೆ ಸುತ್ತ ಒಂದು ರೌಂಡ್ ನಿಧಾನಕ್ಕೆ ಬನ್ನಿ. ಬ್ರಶ್ ಎಷ್ಟು ಮೆತ್ತಗಿರ್ಬೇಕು ಅನ್ನೋದನ್ನ ಫೋಟೊನೇ ಹೇಳತ್ತೆ: ಕೊಡೆಯ ಮುಂಭಾಗ ಫೋಕಸಲ್ಲಿದ್ದು ಅಂಚು ಚೂಪಾಗಿದ್ರೆ ಬ್ರಶ್ ಹಾರ್ಡ್‌ನೆಸ್ 80-90 ಇಟ್ಕೊಳ್ಳಿ, ಹಿಂಭಾಗ ಮಸುಕಾಗಿದ್ರೆ ಅಲ್ಲಿ 20-30ಕ್ಕೆ ಇಳಿಸಿ. ಇಡೀ ಕೊಡೆಗೆ ಒಂದೇ ಬ್ರಶ್ ಬಳಸಿದ್ರೆ ಎಲ್ಲೋ ಒಂದು ಕಡೆ ಕತ್ತರಿ ಹಾಕಿದ ಹಾಗೆ, ಇನ್ನೊಂದು ಕಡೆ ಕೆಂಪು ಹೊಗೆ ಸುತ್ತಿಕೊಂಡ ಹಾಗೆ ಕಾಣತ್ತೆ. ಬ್ರಶ್ ಸೈಜ಼್‌ಗೆ ಚೌಕ ಬ್ರ್ಯಾಕೆಟ್ ಕೀಗಳು, ಅದೇ ಕೀ ಶಿಫ್ಟ್ ಜೊತೆ ಒತ್ತಿದ್ರೆ ಹಾರ್ಡ್‌ನೆಸ್.

ಮೇಲೆ ಹೇಳಿದ್ನಲ್ಲ ಬಣ್ಣ ಸೋರಿರೋದು, ಅದಕ್ಕೆ ಪರಿಹಾರ ಅಂದ್ರೆ ಮಾಸ್ಕಲ್ಲಿ ಬಳಿದ ಕಪ್ಪನ್ನ ಅಂಚಿಂದ ಹೊರಗೆ ಹೋಗೋಕೆ ಬಿಡದೆ ಒಂದು ಪಿಕ್ಸೆಲ್ ಒಳಗಡೆಗೇ ನಿಲ್ಲಿಸೋದು. ಅಂಚಲ್ಲಿ ಒಂದು ಪಿಕ್ಸೆಲ್ ಬೂದಿದ್ರೆ ಯಾರ ಕಣ್ಣಿಗೂ ಬೀಳಲ್ಲ, ಅದೇ ಗೋಡೆ ಮೇಲೆ ಒಂದು ಪಿಕ್ಸೆಲ್ ಕೆಂಪು ಗೆರೆ ಇದ್ರೆ ತಕ್ಷಣ ಕಾಣತ್ತೆ.

ಕೊಡೆಗೆ ಅಡ್ಡವಾಗಿ ಹುಡುಗಿಯ ಕೂದಲು ಹಾರ್ತಾ ಇದ್ರೆ ಒಂದೊಂದು ಎಳೇನೂ ಬಿಡಿಸೋಕೆ ಹೋಗ್ಬೇಡಿ. ಕಪ್ಪು ಕೂದಲಲ್ಲಿ ಬಣ್ಣ ಇರೋದೇ ಕಮ್ಮಿ, ಹಾಗಾಗಿ ಕೊಡೆ ಮುಂದಿರೋ ಬಿಡಿ ಎಳೆಗಳನ್ನ ಬಣ್ಣದ ಕಡೆಗೇ ಸೇರಿಸ್ಬಿಡಿ, ಕಪ್ಪಾಗೇ ಕಾಣತ್ತೆ. ಕೂದಲು ಕಂದು ಅಥವಾ ಬಣ್ಣ ಹಾಕಿದ್ದಾದ್ರೆ ಮಾತ್ರ ಸೆಲೆಕ್ಟ್ ಅಂಡ್ ಮಾಸ್ಕ್ ಒಳಗಿರೋ ರಿಫೈನ್ ಎಡ್ಜ್ ಬ್ರಶ್ ಬೇಕಾಗತ್ತೆ.

ಬಣ್ಣ ಎಲ್ಲೆಲ್ಲಿ ಹರಡಿದೆ ಅಂತ ಹುಡುಕಿ

ತುಂಬಾ ಜನ ಬಿಟ್ಟುಬಿಡೋದು ಇದನ್ನ. ಕೆಂಪು ಕೊಡೆ ಅಂದ್ರೆ ಬಟ್ಟೆ ಒಂದೇ ಅಲ್ಲ. ಬೆಳಕು ಆ ಬಟ್ಟೆ ಒಳಗಿಂದ ಬಂದು ಹುಡುಗಿಯ ಹಣೆ, ಕೆನ್ನೆ, ಹೆಗಲ ಮೇಲೆ ತೆಳ್ಳಗೆ ಕೆಂಪಾಗಿ ಬಿದ್ದಿರತ್ತೆ. ಕೆಳಗೆ ಒದ್ದೆ ರಸ್ತೆಯಲ್ಲಿ ಕೊಡೆಯ ಪ್ರತಿಬಿಂಬ ಇರತ್ತೆ. ಕೊಡೆಯ ಲೋಹದ ಕಡ್ಡಿ ಮೇಲೂ ಒಂದು ಕೆಂಪು ಗೆರೆ ಇರತ್ತೆ. ಇದೆಲ್ಲ ಬೂದು ಮಾಡಿ ಬಟ್ಟೆ ಒಂದನ್ನೇ ಕೆಂಪು ಬಿಟ್ರೆ ಆ ಕೊಡೆ ಅಲ್ಲಿ ಇದ್ದಿದ್ದೇ ಅಲ್ಲ ಅನ್ಸತ್ತೆ, ಯಾಕೆ ಅಂತ ನೋಡೋರಿಗೆ ಹೇಳೋಕೆ ಬರದೆ ಇರ್ಬಹುದು, ಆದ್ರೆ ಏನೋ ಸರಿಯಿಲ್ಲ ಅಂತ ಖಂಡಿತ ಅನ್ಸತ್ತೆ.

ಮಾಡ್ಬೇಕಾದ್ದು ಇಷ್ಟೇ. ನೀರಿನ ಪ್ರತಿಬಿಂಬಕ್ಕೆ ಪೂರ್ತಿ ಅಥವಾ ಮುಕ್ಕಾಲು ಬಣ್ಣ ವಾಪಸ್ ಕೊಡಿ. ಮುಖಕ್ಕೆ ಮಾತ್ರ ಎಚ್ಚರ, ಅಲ್ಲಿ ಮೆತ್ತನೆ ದೊಡ್ಡ ಬ್ರಶ್ ತಗೊಂಡು ಒಪಾಸಿಟಿ (ಒಂದು ಸಲಕ್ಕೆ ಬ್ರಶ್ ಎಷ್ಟು ಗಾಢವಾಗಿ ಬಳಿಯತ್ತೆ ಅನ್ನೋದು) 10-15 ಪರ್ಸೆಂಟಿಗೆ ಇಳಿಸಿ, ಕೆಂಪು ಬೆಳಕು ಬಿದ್ದಿರೋ ಕಡೆ ಒಂದು ಸಲ ಸವರಿ. ಎಫೆಕ್ಟ್ ಕಂಡೂ ಕಾಣದ ಹಾಗಿರ್ಬೇಕು. ಜಾಸ್ತಿ ಆದ್ರೆ ಚರ್ಮದ ಬಣ್ಣವೇ ಬಂದು ಮುಖ ಅರ್ಧ ಜೀವ ಬಂದ ಹಾಗೆ ವಿಚಿತ್ರವಾಗತ್ತೆ, ಅವಾಗ ಬಿಳಿ ಬ್ರಶ್ಶಲ್ಲಿ ಹಿಂದಕ್ಕೆ ತನ್ನಿ.

ಬೂದು ಭಾಗನ ತಿದ್ದೋದು

ಬಣ್ಣನ ಬೂದಾಗಿಸೋಕೆ ಒಂದೇ ದಾರಿ ಅಂತ ಇಲ್ಲ. ಹಳೇ ಟಿವಿ ಕಾಲದಿಂದ ಬಂದ, ಜೆಪೆಗ್ ಕೂಡ ಬಳಸೋ ಒಂದು ಸೂತ್ರ ಇದೆ: ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ ಕೊಟ್ಟು ಕೂಡೋದು. ನಮ್ಮ ಕಣ್ಣಿಗೆ ಹಸಿರು ಬೆಳಕಾಗಿ, ನೀಲಿ ಕತ್ತಲಾಗಿ ಕಾಣೋದರಿಂದ ಹೀಗೆ. 0 ಅಂದ್ರೆ ಕಪ್ಪು, 255 ಅಂದ್ರೆ ಬಿಳಿ ಅನ್ನೋ ಅಳತೆಯಲ್ಲಿ, ಅಚ್ಚ ಹಸಿರು 255 ಇದ್ರೆ ಬೂದಲ್ಲಿ ಸುಮಾರು 150, ಅಚ್ಚ ಕೆಂಪು 76, ಅಚ್ಚ ನೀಲಿ 29. ಇದರಿಂದ ಆಗೋ ತೊಂದರೆ ಏನಂದ್ರೆ ಬಣ್ಣದಲ್ಲಿ ಬೇರೆಬೇರೆ ಇದ್ದ ಎರಡು ವಸ್ತು ಬೂದಲ್ಲಿ ಒಂದೇ ಆಗ್ಬಿಡ್ಬಹುದು. ಗಾಢ ಹಸಿರು ಬಳ್ಳಿ ಕಂದು ಗೋಡೆ ಮೇಲೆ ಹಬ್ಬಿತ್ತು ಅಂದ್ಕೊಳ್ಳಿ, ಬೂದಾದ ಮೇಲೆ ಬಳ್ಳಿನೂ ಇಲ್ಲ ಗೋಡೆನೂ ಇಲ್ಲ, ಬರೀ ಒಂದು ಮಂಕು ಮಚ್ಚೆ.

ಬ್ಲ್ಯಾಕ್ ಅಂಡ್ ವೈಟ್ ಲೇಯರಲ್ಲಿ 6 ಸ್ಲೈಡರ್ ಕೊಟ್ಟಿರೋದು ಇದಕ್ಕೇ: ರೆಡ್ಸ್, ಯೆಲ್ಲೋಸ್, ಗ್ರೀನ್ಸ್, ಸಯಾನ್ಸ್, ಬ್ಲೂಸ್, ಮಜೆಂಟಾಸ್. ಹಸಿರನ್ನ ಮೇಲಕ್ಕೆ ಎಳೆದ್ರೆ ಬಳ್ಳಿ ತಿಳಿಯಾಗಿ ಗೋಡೆಯಿಂದ ಬಿಡಿಸ್ಕೊಂಡು ಬರತ್ತೆ. ಎಲೆಗಳಿಗೆ ಹಳದಿ ಸ್ಲೈಡರನ್ನೂ ಮುಟ್ಟಬೇಕಾಗತ್ತೆ, ಎಲೆಯಲ್ಲಿ ನಾವು ಅಂದ್ಕೊಂಡಿದ್ದಕ್ಕಿಂತ ಹಳದಿ ಜಾಸ್ತಿ ಇರತ್ತೆ. ಚರ್ಮ ಇರೋದು ಕೆಂಪು ಹಳದಿ ಎರಡರ ನಡುವೆ, ಕೆಂಪು ಏರಿಸಿದ್ರೆ ಮುಖ ತಿಳಿಯಾಗಿ ನುಣುಪಾಗತ್ತೆ, ಇಳಿಸಿದ್ರೆ ಕಲೆ, ಮೊಡವೆ ಎಲ್ಲಾ ಗಾಢವಾಗತ್ತೆ. ಆಕಾಶ ಕಪ್ಪಾಗ್ಲಿ ಅಂತ ನೀಲಿನ ತೀರಾ ಕೆಳಗೆ ಎಳೀಬೇಡಿ, ಕಾಳುಕಾಳಾಗಿ ನಾಯ್ಸ್ ಬರತ್ತೆ, ಪಟ್ಟಿಪಟ್ಟಿಯಾಗಿ ಒಡೆಯತ್ತೆ.

ಕೊಡೆ ಇರೋ ಕಡೆ ಮಾಸ್ಕಲ್ಲಿ ಕಪ್ಪು ಇರೋದರಿಂದ ಈ ಸ್ಲೈಡರ್‌ಗಳು ಅದನ್ನ ಮುಟ್ಟಲ್ಲ, ಧೈರ್ಯವಾಗಿ ಆಡಿಸಿ ನೋಡಿ. ಒಂದು ಗುರಿ ಇಟ್ಕೊಳ್ಳಿ: ಕೊಡೆಯ ಹಿಂದಿರೋ ಬೂದು, ಕೊಡೆಗಿಂತ ಸ್ವಲ್ಪ ಗಾಢ ಅಥವಾ ಸ್ವಲ್ಪ ತಿಳಿ ಇರ್ಬೇಕು, ಸರಿಸಮ ಇರ್ಬಾರ್ದು. ಆಮೇಲೂ ಕೊಡೆ ಎದ್ದು ಬರ್ತಿಲ್ಲ ಅಂದ್ರೆ ಎಲ್ರೂ ಕೆಂಪಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸೋಕೆ ಹೋಗ್ತಾರೆ, ನಾನು ಹೇಳೋದು ಅದನ್ನ ಬಿಟ್ಟು ಕರ್ವ್ಸ್ (ಬೆಳಕು-ಕತ್ತಲು ತಿದ್ದೋ ಅಡ್ಜಸ್ಟ್‌ಮೆಂಟ್) ಲೇಯರಲ್ಲಿ ಹಿನ್ನೆಲೆನ ಸ್ವಲ್ಪ ಕತ್ತಲು ಮಾಡಿ. ಸುತ್ತ ಬಣ್ಣವೇ ಇಲ್ಲದ ಕಡೆ ಇರೋ ಕೆಂಪು ಮೊದಲೇ ಗಾಢವಾಗಿ ಕಾಣತ್ತೆ, ಅದಕ್ಕೆ ಇನ್ನೂ ಸ್ಯಾಚುರೇಶನ್ ತುಂಬಿದ್ರೆ ಬಟ್ಟೆಯ ಮಡಿಕೆ, ಹೊಲಿಗೆ ಎಲ್ಲಾ ಕರಗಿ ಚಪ್ಪಟೆ ಕೆಂಪು ಮಾತ್ರ ಉಳಿಯತ್ತೆ. ಕೆಲವು ಸಲ ನಾನು ಬಣ್ಣನ ಇನ್ನೂ ಕಮ್ಮಿ ಮಾಡಿದ್ದೇ ಚೆನ್ನಾಗಿ ಬಂದಿದೆ.

ಒಂದು ಒಳ್ಳೇ ಪರೀಕ್ಷೆ

ಎಲ್ಲಾ ಮುಗೀತು ಅಂದ್ಮೇಲೆ ಎಲ್ಲಕ್ಕಿಂತ ಮೇಲೆ ಒಂದು ಹ್ಯೂ ಸ್ಯಾಚುರೇಶನ್ ಲೇಯರ್ ಹಾಕಿ ಸ್ಯಾಚುರೇಶನ್ ಪೂರ್ತಿ ಮೇಲಕ್ಕೆ ಎಳೀರಿ. ಬಿಳಿ ಬ್ರಶ್ ಸರಿಯಾಗಿ ತಾಕದೆ ಇದ್ದ ಕಡೆ, ಅಂಚು ದಾಟಿದ ಕಡೆ ಎಲ್ಲಾ ಕೆಂಪು ಹಸಿರು ಚುಕ್ಕೆಗಳು ಕಣ್ಣಿಗೆ ಹೊಡೆಯೋ ಹಾಗೆ ಬರತ್ತೆ. ಅದನ್ನ ನೋಡ್ಕೊಂಡು ಮಾಸ್ಕ್ ತಿದ್ದಿ, ಆಮೇಲೆ ಆ ಲೇಯರ್ ಡಿಲೀಟ್ ಮಾಡಿ. ಕೊಡೆ ಒಳಗೆ ಬಿಟ್ಟುಹೋದ ತೂತುಗಳನ್ನ ಹುಡುಕೋಕೆ ಆಲ್ಟ್ ಹಿಡ್ಕೊಂಡು ಮಾಸ್ಕ್ ಮೇಲೆ ಕ್ಲಿಕ್ ಮಾಡಿ, ಮ್ಯಾಕಲ್ಲಿ ಆಪ್ಷನ್ ಕೀ, ಆಗ ಮಾಸ್ಕ್ ಮಾತ್ರ ಸ್ಕ್ರೀನ್ ತುಂಬಾ ಕಾಣತ್ತೆ, ಕಪ್ಪಿನ ನಡುವೆ ಬಿಳಿ ಚುಕ್ಕೆ ಇದ್ರೆ ಅಲ್ಲೇ ಬಳಿದುಬಿಡಿ.

ಗಿಂಪ್ ಬಳಸೋರಿಗೆ

ಗಿಂಪ್ ಕೂಡ ಫೋಟೊ ತಿದ್ದೋ ಒಂದು ಸಾಫ್ಟ್‌ವೇರ್. ಅದರಲ್ಲಿ ಲೇಯರ್ ಮೆನುವಿನಿಂದ ಲೇಯರನ್ನ ಡೂಪ್ಲಿಕೇಟ್ ಮಾಡಿ. ಮೇಲಿನದನ್ನ ಆರಿಸಿ ಕಲರ್ಸ್ ಮೆನುವಿನ ಡಿಸ್ಯಾಚುರೇಟ್ ಒಳಗೆ ಮೋನೋ ಮಿಕ್ಸರ್ ಅಂತ ಇರತ್ತೆ, ಬರೀ ಡಿಸ್ಯಾಚುರೇಟ್‌ಗಿಂತ ಅದು ಒಳ್ಳೇದು, ಕೆಂಪು ಹಸಿರು ನೀಲಿ ಎಷ್ಟೆಷ್ಟು ಅಂತ ನಾವೇ ಹೇಳ್ಬಹುದು. ಆಮೇಲೆ ಆ ಲೇಯರ್‌ಗೆ ಬಿಳಿ ಮಾಸ್ಕ್ ಸೇರಿಸಿ ಕಪ್ಪು ಬ್ರಶ್ಶಲ್ಲಿ ಬಳೀರಿ. ಮುಂದಿನದೆಲ್ಲ ಮೇಲೆ ಹೇಳಿದ ಹಾಗೇ.

ಫೋನಲ್ಲಿ ಮಾಡೋದಾದ್ರೆ

ಸ್ನ್ಯಾಪ್‌ಸೀಡ್ ಅನ್ನೋ ಆಪ್ ಸಾಕು. ಆಪ್ ವರ್ಷನ್ ಮೇಲೆ ಬಟನ್‌ಗಳ ಜಾಗ ಸ್ವಲ್ಪ ಆಚೀಚೆ ಇರ್ಬಹುದು, ಕ್ರಮ ಮಾತ್ರ ಇದೇ. ಮೊದಲು ಟೂಲ್ಸಲ್ಲಿ ಬ್ಲ್ಯಾಕ್ ಅಂಡ್ ವೈಟ್ ತಗೊಂಡು, ಅದರಲ್ಲೇ ಇರೋ ಬಣ್ಣದ ಫಿಲ್ಟರ್‌ಗಳನ್ನ ಒಂದೊಂದಾಗಿ ಹಾಕಿ ನೋಡಿ ಹಿನ್ನೆಲೆಗೆ ಯಾವ್ದು ಚೆನ್ನಾಗಿದೆ ಅಂತ ಆರಿಸಿ ಟಿಕ್ ಒತ್ತಿ. ಆಮೇಲೆ ವ್ಯೂ ಎಡಿಟ್ಸ್ ತೆಗೆದ್ರೆ ಮಾಡಿದ ಎಡಿಟ್‌ಗಳ ಪಟ್ಟಿ ಬರತ್ತೆ, ಅದರಲ್ಲಿ ಬ್ಲ್ಯಾಕ್ ಅಂಡ್ ವೈಟ್ ಮೇಲೆ ಒತ್ತಿ ನಡುವೆ ಬರೋ ಬ್ರಶ್ ಐಕಾನ್ ಒತ್ತಿ. ಈಗ ಫೋಟೊ ಪೂರ್ತಿ ಬಣ್ಣದಲ್ಲಿ ಕಾಣತ್ತೆ, ಎಲ್ಲಿ ಬಳೀತೀರೋ ಅಲ್ಲಿ ಬೂದಾಗತ್ತೆ. ಇಡೀ ಹಿನ್ನೆಲೆ ಬೆರಳಲ್ಲಿ ಬಳಿಯೋದು ಕಷ್ಟ, ಅದಕ್ಕೆ ಕೆಳಗಿರೋ ಇನ್ವರ್ಟ್ ಬಟನ್ ಒತ್ತಿ, ಎಲ್ಲಾ ಒಂದೇ ಸಲ ಬೂದಾಗತ್ತೆ, ಆಮೇಲೆ ಬ್ರಶ್ ಬೆಲೆನ (ಬ್ರಶ್ ಎಷ್ಟು ಬೂದು ಬಳಿಯತ್ತೆ ಅಂತ ತೋರಿಸೋ ಸಂಖ್ಯೆ) 0ಗೆ ಇಳಿಸಿ ಕೊಡೆ ಮೇಲೆ ಮಾತ್ರ ಸವರಿ. ಬ್ರಶ್ ಸೈಜ಼್ ಬದಲಾಯಿಸೋ ಬಟನ್ ಹುಡುಕ್ಬೇಡಿ, ಎರಡು ಬೆರಳಲ್ಲಿ ಜ಼ೂಮ್ ಮಾಡಿದಷ್ಟೂ ಬ್ರಶ್ ಸಣ್ಣದಾಗತ್ತೆ. ಪ್ರತಿಬಿಂಬಕ್ಕೆ, ಮುಖದ ಮೇಲಿನ ಬೆಳಕಿಗೆ ಬೆಲೆ 50 ಅಥವಾ 75 ಇಟ್ಕೊಂಡು ಸವರಿದ್ರೆ ಅರೆಬರೆ ಬಣ್ಣ ಬರತ್ತೆ.

ಲೈಟ್‌ರೂಮ್ ಅನ್ನೋ ಆಪಲ್ಲಿ ಇನ್ನೊಂದು ಶಾರ್ಟ್‌ಕಟ್ ಇದೆ, ಕಲರ್ ಮಿಕ್ಸರಲ್ಲಿ 8 ಬಣ್ಣ ಇರತ್ತೆ, ಕೆಂಪು ಬಿಟ್ಟು ಮಿಕ್ಕ 7ರ ಸ್ಯಾಚುರೇಶನನ್ನೂ ಮೈನಸ್ 100ಕ್ಕೆ ಎಳೆಯೋದು. ಅರ್ಧ ನಿಮಿಷದ ಕೆಲಸ. ಹಣ್ಣು, ಹೂವು, ವಾಹನ ಇಂಥದಕ್ಕೆ ನಡೆಯತ್ತೆ. ಆದ್ರೆ ಫೋಟೊದಲ್ಲಿ ಮನುಷ್ಯರಿದ್ರೆ ಕೆಂಪಿನ ಜೊತೆ ತುಟಿ, ಕೆನ್ನೆ, ಕಿವಿ ತುದಿ ಎಲ್ಲಾ ಬಣ್ಣದಲ್ಲೇ ಉಳಿಯತ್ತೆ, ಚರ್ಮದ ಬಣ್ಣ ಕೆಂಪು-ಕಿತ್ತಳೆ ಆಸುಪಾಸಲ್ಲೇ ಇರೋದು ಇದಕ್ಕೆ ಕಾರಣ. ಅವಾಗ ಮುಖ ಕೈಗಳ ಮೇಲೆ ಮಾತ್ರ ಒಂದು ಮಾಸ್ಕ್ ಹಾಕಿ ಅಲ್ಲಿ ಸ್ಯಾಚುರೇಶನ್ ಮೈನಸ್ 100 ಮಾಡಿ. ನೀಲಿ ಬಟ್ಟೆಗೆ, ಹಸಿರು ಬಾಗಿಲಿಗೆ ಈ ತಲೆನೋವು ಇಲ್ಲ.

ಸೇವ್ ಮಾಡುವಾಗ

ಲೇಯರ್ ಇರೋ ಫೈಲನ್ನ ಪಿಎಸ್‌ಡಿ ಆಗಿ, ಗಿಂಪಲ್ಲಾದ್ರೆ ಎಕ್ಸ್‌ಸಿಎಫ್ ಆಗಿ ಬೇರೆ ಇಟ್ಕೊಳ್ಳಿ. ಹಂಚೋಕೆ ಜೆಪೆಗ್, ಕ್ವಾಲಿಟಿ 90ರ ಮೇಲೆ, ಕಲರ್ ಪ್ರೊಫೈಲ್ ಎಸ್‌ಆರ್‌ಜಿಬಿ. ಕ್ವಾಲಿಟಿ ಕಮ್ಮಿ ಮಾಡಿದ್ರೆ ಇಷ್ಟು ಹೊತ್ತು ಕೂತು ತಿದ್ದಿದ ಅಂಚಲ್ಲೇ ಮತ್ತೆ ಕೆಂಪು ಸೋರತ್ತೆ. ಗಿಂಪಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಸಬ್‌ಸ್ಯಾಂಪ್ಲಿಂಗ್ ಅನ್ನೋ ಆಯ್ಕೆ ಇರತ್ತೆ, ಅದರಲ್ಲಿ 4:4:4 ಹಾಕಿದ್ರೆ ಪ್ರತಿ ಪಿಕ್ಸೆಲ್‌ಗೂ ಬಣ್ಣ ಬೇರೆಬೇರೆ ಉಳಿಯತ್ತೆ, ಫೈಲ್ ಸ್ವಲ್ಪ ದೊಡ್ಡದಾಗತ್ತೆ ಅಷ್ಟೇ. ಪ್ರಿಂಟ್ ಹಾಕಿಸೋದಿದ್ರೆ ಮೊದಲು ಒಂದು ಚಿಕ್ಕ ಸೈಜ಼ಲ್ಲಿ ಹಾಕಿಸಿ ನೋಡಿ, ಕಲರ್ ಪ್ರಿಂಟರ್‌ಗಳು ಬೂದನ್ನೂ ಬಣ್ಣದ ಇಂಕ್ ಬೆರೆಸಿ ಮಾಡೋದರಿಂದ ಕೆಲವು ಸಲ ಅದು ಸ್ವಲ್ಪ ಹಸಿರಿಗೋ ನೇರಳೆಗೋ ತಿರುಗಿರತ್ತೆ, ಹಾಗಿದ್ರೆ ಪ್ರಿಂಟ್ ಹಾಕೋರಿಗೆ ಆ ಚಿಕ್ಕ ಪ್ರಿಂಟ್ ತೋರಿಸಿ ಬೂದು ಸರಿಮಾಡಿಸ್ಕೊಂಡು ಆಮೇಲೆ ದೊಡ್ಡದು ಹಾಕಿಸಿ.